ಒಸಾಕಾದಿಂದ ಅಣ್ಣನಿಗೆ

ಒಸಾಕಾ, ಭಾನುವಾರ

ಅಣ್ಣನಿಗೆ ನಮಸ್ಕಾರ. ನಾನು ಕ್ಷೇಮ. ಪುಟ್ಟಿಯ ಪರೀಕ್ಷೆ ಮುಗಿಯಿತೇ?

ನಿನ್ನ ಕಾಗದ ಓದಿದೆ. ಒಂದು ಬದಿ ಸ್ವಾಧೀನ ತಪ್ಪಿ ಮಲಗಿರುವ ಅಪ್ಪನಿಗೆ ಬಾಲಮೂಳೆಯ ಹತ್ತಿರ ಕೆಂಪಾಗಿದೆಯಲ್ಲ, ಅಲ್ಲಿ ಬೆರಳಿಂದ ಒತ್ತಿ ಬಿಡು. ಬೆಳ್ಳಗಾಗಿ ಮತ್ತೆ ಕೆಂಪಾದರೆ ಸರಿ. ಒತ್ತಿದರೂ ಕೆಂಪು ಹೋಗದಿದ್ದರೆ ಹಾಸಿಗೆ ಹುಣ್ಣು ಶುರುವಾಗಿದೆ, ಡಾಕ್ಟರಿಗೆ ತೋರಿಸು. ಅಪ್ಪನ ಮೈಬಣ್ಣಕ್ಕೆ ಕೆಂಪು ಕಾಣದೆಯೂ ಹೋಗಬಹುದು, ಬಿಸಿಯೋ ಗಟ್ಟಿಯೋ ಮುಟ್ಟಿ ನೋಡಬೇಕು. ಎಣ್ಣೆ ಹಚ್ಚಿ ತಿಕ್ಕಲೇಬೇಡಿ, ಒಳಗಿನ ಮಾಂಸ ಇನ್ನೂ ಜಜ್ಜುತ್ತದೆ. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿ, ಬೆನ್ನ ಹಿಂದೆ ದಿಂಬಿಟ್ಟು 30 ಡಿಗ್ರಿ ಓರೆಯಾದರೆ ಸಾಕು. ಮೀನಖಂಡದ ಕೆಳಗೊಂದು ದಿಂಬು, ಹಿಮ್ಮಡಿ ಹಾಸಿಗೆಗೆ ತಾಗಬಾರದು. ನಡುವೆ ತೂತಿರುವ ಗಾಳಿದಿಂಬು ಬೇಡ, ಅದರ ಅಂಚು ರಕ್ತ ಓಡಾಡದ ಹಾಗೆ ಒತ್ತುತ್ತದೆ. ಮೇಲಕ್ಕೆ ಸರಿಸುವಾಗ ಎಳೆಯದೆ, ಕೆಳಗೆ ಮಡಿಸಿ ಹಾಸಿದ ಬೆಡ್‌ಶೀಟನ್ನು ಇಬ್ಬರು ಹಿಡಿದು ಎತ್ತಿ.

ನನಗೆ ನಿಜವಾದ ಚಿಂತೆ ಅತ್ತಿಗೆಯ ಸೊಂಟದ್ದು. ಅವರು ಅಪ್ಪನ ಕಂಕುಳಿಗೆ ಕೈ ಹಾಕಿ ಎತ್ತುತ್ತಿರಬೇಕು. ಹಾಗೆ ಮಾಡಿದರೆ ಎತ್ತುವವರ ಬೆನ್ನೂ ಹೋಗುತ್ತದೆ, ಸ್ವಾಧೀನವಿಲ್ಲದ ಕೈಯ ಭುಜವೂ ಕೀಲಿನಿಂದ ಜಾರುತ್ತದೆ. ಕುರ್ಚಿಯನ್ನು ಅಪ್ಪನ ಚೆನ್ನಾಗಿರುವ ಬದಿಗೆ, ಮಂಚಕ್ಕೆ ಸ್ವಲ್ಪ ಓರೆಯಾಗಿಟ್ಟು ಗಾಲಿಗಳಿಗೆ ಬ್ರೇಕ್ ಹಾಕಿ. ಅಪ್ಪ ಅಂಚಿಗೆ ಬಂದು, ಪಾದ ಹಿಂದಕ್ಕೆ ಎಳೆದುಕೊಂಡು, ಮುಂದಕ್ಕೆ ಬಾಗಲಿ. ಅಪ್ಪನ ಸೊಂಟಕ್ಕೆ ಅಗಲದ ಪಟ್ಟಿ ಕಟ್ಟಿ ಅದನ್ನೇ ಹಿಡಿಯಿರಿ. ಬಲವಿಲ್ಲದ ಮೊಣಕಾಲಿಗೆ ನಿಮ್ಮ ಮೊಣಕಾಲು ಒತ್ತುಕೊಡಿ, ಇಲ್ಲದಿದ್ದರೆ ಅದು ಮಡಚಿಬಿಡುತ್ತದೆ.

ಅಂಗಿಗೆ ಇಲ್ಲಿಯವರ ಒಂದು ಮಂತ್ರವಿದೆ, ‘ದಕ್ಕೆನ್ ಚಕ್ಕನ್’. ಬಿಚ್ಚುವಾಗ ಚೆನ್ನಾಗಿರುವ ಕೈ ಮೊದಲು, ತೊಡಿಸುವಾಗ ಇನ್ನೊಂದು ಕೈ ಮೊದಲು. ಪುಟ್ಟಿಗೆ ಹೇಳಿಕೊಡು, ದಿನವಿಡೀ ಹಾಡುತ್ತಾಳೆ!

ಊಟ ಮಾಡುವಾಗ ನೇರ ಕೂತಿರಬೇಕು, ಮುಗಿದ ಮೇಲೂ ಅರ್ಧ ಗಂಟೆ ಮಲಗಿಸಬೇಡಿ. ನೀರು ಕುಡಿದಾಗ ಕೆಮ್ಮಿದರೆ, ದನಿ ಗೊರಗೊರ ಎಂದರೆ ಅದು ಶ್ವಾಸಕೋಶದ ಕಡೆ ಹೋಗುತ್ತಿದೆ ಅಂತ ತಿಳಿ. ಗಂಜಿ ಎಷ್ಟು ದಪ್ಪ ಇರಬೇಕೆಂದು ಸ್ಪೀಚ್ ಥೆರಪಿಸ್ಟ್ (ನುಂಗುವುದನ್ನೂ ಪರೀಕ್ಷಿಸುವವರು) ನೋಡಿ ಹೇಳಲಿ. ಕೊನೆಗೆ ಕೆನ್ನೆಯೊಳಗೆ ಅಗುಳು ಉಳಿದಿದೆಯೇ ನೋಡಿ. ಇಲ್ಲಿ ಅಂಗಡಿಯಲ್ಲಿ ಇಂಥವರ ಊಟವೇ ಸಿಗುತ್ತದೆ: ಸುಲಭವಾಗಿ ಅಗಿಯುವುದು, ವಸಡಿನಲ್ಲಿ ನುರಿಯುವುದು, ನಾಲಿಗೆಯಲ್ಲಿ ನುರಿಯುವುದು, ಅಗಿಯಲೇ ಬೇಡದ್ದು ಅಂತ ನಾಲ್ಕು ದರ್ಜೆ. ನಗಬೇಡ, ನಮ್ಮ ರಾಗಿ ಗಂಜಿಗೂ ದರ್ಜೆ ಕೊಡಬಹುದು.

ಹೋಮ್ ನರ್ಸ್ ಇಟ್ಟರೆ ಊರವರು ಏನಂತಾರೋ ಎಂದು ಬರೆದಿದ್ದೀಯ. ಇಲ್ಲೂ ಸೊಸೆಯೇ ಮಾಡಬೇಕೆಂಬ ಮಾತಿತ್ತು. 2000ದಲ್ಲಿ ಮುದುಕರ ಆರೈಕೆಗೆಂದೇ ಸರ್ಕಾರದ ವಿಮೆ ಬಂತು. 40 ದಾಟಿದವರೆಲ್ಲ ಕಂತು ಕಟ್ಟುತ್ತಾರೆ, ಸೇವೆ ಪಡೆದಾಗ ಖರ್ಚಿನಲ್ಲಿ ಶೇ 10ರಿಂದ 30 ಮಾತ್ರ ಕೈಯಿಂದ. ಬೆಳಿಗ್ಗೆ ವ್ಯಾನು ಬಂದು ಮುದುಕರನ್ನು ಶಾಲೆಮಕ್ಕಳ ಹಾಗೆ ಹಗಲು ನೋಡಿಕೊಳ್ಳುವ ಕೇಂದ್ರಕ್ಕೆ ಕರೆದೊಯ್ಯುತ್ತದೆ, ಸಂಜೆ ತಂದುಬಿಡುತ್ತದೆ. ಆದರೂ ಕಳಿಸುವವರಿಗೆ ಅಪರಾಧಿ ಭಾವ ಹೋಗಿಲ್ಲ. ಅದು ಹೋಗಲಿ ಎಂದು ಕಾಯಬೇಡ. ಸ್ನಾನಕ್ಕೂ ರಾತ್ರಿಗೂ ಗಂಡಸೊಬ್ಬರನ್ನು ಈ ವಾರವೇ ಗೊತ್ತು ಮಾಡು. ದುಡ್ಡು ತಿಂಗಳ ಮೊದಲ ವಾರವೇ ಕಳಿಸುತ್ತೇನೆ, ನನಗೇನೂ ಕಷ್ಟವಿಲ್ಲ, ನಿಜವಾಗಿಯೂ ಇಲ್ಲ.

ನಾಟಿ ಔಷಧಿಯವರು ಏನೇ ಹೇಳಲಿ, ಬಿಪಿ ಮಾತ್ರೆ, ರಕ್ತ ತೆಳುವಾಗಿಸುವ ಮಾತ್ರೆ ಡಾಕ್ಟರನ್ನು ಕೇಳದೆ ಒಂದು ದಿನವೂ ಬಿಡಿಸಬೇಡ. ರೈಲಿಗೆ ಹೊತ್ತಾಯಿತು. ಅಮ್ಮನಿಗೆ ನಮಸ್ಕಾರ ಹೇಳು.

ನಿನ್ನ ತಂಗಿ