ಗೌನಿನ ಪೆಟ್ಟಿಗೆಯಲ್ಲಿ ಇಟ್ಟ ಕಾಗದ

ಕೂಸೇ,

ನಿನ್ನ ಮದುವೆಯ ಗೌನ್ ಮುಗಿಯಿತು, ನೀನು ಹೇಳಿದ ಹಾಗೆ ಕುತ್ತಿಗೆ ಏರಿಸಿದ್ದೇನೆ. ನಾಳೆ ರಾತ್ರಿ ರೈಲಿಗೆ ನಿಮ್ಮಪ್ಪ ಬೆಂಗಳೂರಿಗೆ ಹೊರಡುತ್ತಾರೆ, ಅವರ ಕೈಯಲ್ಲೇ ಕಳಿಸುತ್ತಿದ್ದೇನೆ. ಪೆಟ್ಟಿಗೆ ತೆಗೆದ ಕೂಡಲೇ ಹಾಕಿಕೊಂಡು ಕನ್ನಡಿ ಮುಂದೆ ಓಡಬೇಡ, ಮೊದಲು ಇದನ್ನು ಓದು. ಫೋನಿನಲ್ಲಿ ಹೇಳೋಣ ಅಂದರೆ ನೀನು ‘ಹೂಂ ಅವ್ವ, ಹೂಂ ಅವ್ವ’ ಅಂತೀಯ, ಹಿಂದೆ ಲ್ಯಾಪ್‌ಟಾಪ್ ಟಕಟಕ ಅಂತಿರುತ್ತದೆ.

ಈ ಗೌನು ನಮ್ಮ ಬೆಟಗೇರಿಗೆ ಬಂದ ದಿನ ನಾನು ಸ್ವಲ್ಪ ಹೆದರಿದೆ, ನಿಜ ಹೇಳುತ್ತೇನೆ. ಭುಜದಿಂದ ಟೇಪ್ ಹಿಡಿದು ನೋಡಿದರೆ ಮುಂದಿನ ಕುತ್ತಿಗೆಯ ಆಳ 9.5 ಇಂಚು. ನಾನು ಸೀರೆಯ ಜಂಪರ್‌ಗೆ, ಅಂದರೆ ಬ್ಲೌಸಿಗೆ, 6 ಇಡುತ್ತೇನೆ, ಯಾರಾದರೂ ಹಟ ಮಾಡಿದರೆ 7. ನೀನು ಕಳಿಸಿದ ಫೋಟೋದಲ್ಲಿ ಆ ಹುಡುಗಿಯ ಎದೆ ಮೇಲೆ ನೆಟ್ ಬಟ್ಟೆ ಇತ್ತು, ಬಂದಿದ್ದರಲ್ಲಿ ನೆಟ್ಟೇ ಇಲ್ಲ. ವಾಪಸ್ ತಗೊಳ್ಳಿ ಅಂದರೆ ಮಾರಿದವರು ಸೇಲಿನ ಮಾಲು ತಗೊಳ್ಳಲ್ಲ ಅಂದರಂತೆ. ಹೋಗಲಿ ಬಿಡು, ಸ್ಯಾಟಿನ್ ಮಾತ್ರ ಒಳ್ಳೆಯದಿದೆ.

ಅವತ್ತು ನಾನು ಎರಡು ಸಲ ಕೇಳಿದೆ, ನೆನಪಿದೆ ಅಲ್ವಾ? ಕುತ್ತಿಗೆ ಏರಿಸು ಅನ್ನೋದು ನಿನ್ನ ಮಾತೋ, ದೊಡ್ಡವ್ವ ಹೇಳಿಕೊಟ್ಟಿದ್ದೋ ಅಂತ. ನೀನು ನಕ್ಕೆ. ಆಮೇಲೆ ಹೇಳಿದೆ, ‘ಆಶೀರ್ವಾದಕ್ಕೆ ಮೊಣಕಾಲೂರಿದರೆ ಒಂದು ಕೈ ಎದೆ ಮೇಲೇ ಇಟ್ಟುಕೊಂಡು ಕೂರಬೇಕಾಗುತ್ತದೆ ಅವ್ವ, ಸಂಜೆ ಊಟಕ್ಕೆ ಇದ್ದಹಾಗೇ ಇದ್ದರೂ ನಡೆಯುತ್ತದೆ, ಚರ್ಚ್‌ನಲ್ಲಿ ಬೇಡ’. ಅಷ್ಟು ಸಾಕಾಯಿತು ನನಗೆ.

ಅಷ್ಟು ಒತ್ತಿ ಯಾಕೆ ಕೇಳಿದೆ ಅಂದರೆ, ಈ ಮಷೀನಿನ ಮುಂದೆ ಕೂತು ನಾನು ಎಷ್ಟು ಮದುಮಕ್ಕಳ ಜಂಪರ್ ಹೊಲಿದಿದ್ದೇನೋ ಲೆಕ್ಕ ಇಟ್ಟಿಲ್ಲ. ಅತ್ತೆ ಆಗುವವರು ಜೊತೆಗೆ ಬಂದು ‘ಕುತ್ತಿಗೆ ಏರಿಸಿ’ ಅಂತಾರೆ, ಅವರು ಚಪ್ಪಲಿ ಹಾಕಿಕೊಳ್ಳಲು ಆಚೆ ಹೋದಾಗ ಹುಡುಗಿ ನನ್ನ ಕಿವಿಯಲ್ಲಿ ‘ಸ್ವಲ್ಪ ಇಳಿಸಿ ಆಂಟಿ’ ಅಂತಾಳೆ. ನಾನು ಯಾರ ಮಾತು ಕೇಳುತ್ತಿದ್ದೆ? ಹೊಲಿಗೆ ದುಡ್ಡು ಯಾರು ಕೊಡುತ್ತಾರೋ ಅವರದ್ದು. ಒಬ್ಬಳು ಮಾತ್ರ ಮದುವೆ ಆಗಿ ವರ್ಷದ ಮೇಲೆ ಬಂದು ‘ಆಂಟಿ, ಅವತ್ತು ನೀವು ನನ್ನ ಮಾತು ಕೇಳಲೇ ಇಲ್ಲ’ ಅಂದಳು. ಸಿಟ್ಟಿನಿಂದ ಅಲ್ಲ, ಸುಮ್ನೆ ಅಂದಳು. ಕೈಯಲ್ಲಿ ಹಿಡಿದ ಚಹಾ ಆರಿಹೋಯಿತು ನನಗೆ.

ನನ್ನ ಮದುವೆ ಫೋಟೋದಲ್ಲಿ ನನ್ನ ಗದ್ದ ಯಾಕೆ ಅಷ್ಟು ಮೇಲಕ್ಕಿದೆ ಅಂತ ಚಿಕ್ಕವಳಿದ್ದಾಗ ಕೇಳುತ್ತಿದ್ದೆಯಲ್ಲ, ‘ಅವ್ವ ಪೊಲೀಸ್ ಹಾಗೆ ನಿಂತಿದ್ದಾಳೆ’ ಅಂತ. ಆ ಬಿಳಿ ಸೀರೆಯ ಜಂಪರ್‌ಗೆ ಕಾಲರ್ ಇತ್ತು. ನಿನ್ನ ಅಪ್ಪನ ಮನೆಯವರು ನನ್ನ ಅಳತೆ ಇಲ್ಲದೆ ಅಂದಾಜಿನ ಮೇಲೆ ಹೊಲಿಸಿಕೊಂಡು ಬಂದಿದ್ದರು. ಕತ್ತು ಬಗ್ಗಿಸಿದರೆ ಕೊಯ್ಯುತ್ತಿತ್ತು. ಈಸ್ಟರ್‌ಗೆ ಮುಂಚಿನ ಉಪವಾಸದ ಕಾಲ ಲೆಂಟ್, ಅದರ 40 ದಿನ ನಮ್ಮಲ್ಲಿ ಮದುವೆ ಇಡಲ್ಲ, ಹಾಗಾಗಿ ಎಷ್ಟೋ ಮದುವೆಗಳು ಈಸ್ಟರ್ ಆದಮೇಲೆ ಸುಡು ಬೇಸಿಗೆಗೇ ಬಂದು ಬೀಳುತ್ತವೆ, ನನ್ನದೂ ಮೇ ತಿಂಗಳು, ನಿನ್ನದೂ ಮೇ. ಗದಗಿನ ಮೇ ತಿಂಗಳಲ್ಲಿ ಕಾಲರ್! ಟೇಲರ್ ಮಗಳು ನಾನು, ಬಾಯಿ ಬಿಡಲಿಲ್ಲ.

ಈಗ ಕೆಲಸದ ಮಾತು.

ಮೊದಲು ಭುಜ. ಕುತ್ತಿಗೆ ಇಳಿಬಿದ್ದಿದೆ ಅಂದರೆ ಕತ್ತರಿಸಿದ್ದೇ ಆಳ ಅಂತ ಎಲ್ಲರೂ ತಿಳಿಯುತ್ತಾರೆ. ಅರ್ಧ ತಪ್ಪು ಭುಜದ್ದೇ ಇರುತ್ತದೆ. ನಿನ್ನ ಎತ್ತರ 5 ಅಡಿ 1 ಇಂಚು, ಗೌನ್ ಯಾರೋ ಉದ್ದದ ಹುಡುಗಿಯ ಲೆಕ್ಕಕ್ಕೆ ಹೊಲಿದದ್ದು. ಎರಡೂ ಭುಜದಲ್ಲಿ ಅರ್ಧರ್ಧ ಇಂಚು ಏರಿಸಿದೆ. ಮೇಲೆ ಏರಿಸಿದಷ್ಟು ಕಂಕುಳು ಬಿಗಿಯಾಗುತ್ತದೆ, ಅದಕ್ಕೇ ಕಂಕುಳಲ್ಲಿ ಅಷ್ಟೇ ಕೆಳಗೆ ಇಳಿಸಿ ಮತ್ತೆ ಪಟ್ಟಿ ಕೊಟ್ಟಿದ್ದೇನೆ. ಇಷ್ಟಕ್ಕೇ ಕುತ್ತಿಗೆ 9ಕ್ಕೆ ಬಂತು, ಮುಂದಕ್ಕೆ ಬಗ್ಗಿದರೆ ಬಾಯಿ ಬಿಡುತ್ತಿದ್ದದ್ದೂ ಕಮ್ಮಿಯಾಯಿತು.

ಉಳಿದದ್ದಕ್ಕೆ ಬಟ್ಟೆ ಬೇಕು. ಆ ಸ್ಯಾಟಿನ್‌ಗೆ ಹೊಂದುವ ಸ್ಯಾಟಿನ್ ಅಂಗಡಿಯಲ್ಲಿ ಸಿಗಲ್ಲ ಅಂತ ಗೊತ್ತಿತ್ತು, ಹುಡುಕಲೂ ಹೋಗಲಿಲ್ಲ. ಅಂಚು ಹೇಗೂ 4 ಇಂಚು ಕತ್ತರಿಸಬೇಕಿತ್ತಲ್ಲ, ಅದೇ ತುಂಡನ್ನು ತಂದು ಎದೆಗೆ ಇಟ್ಟೆ. ಇಟ್ಟರೆ ಬೇರೆ ಬಟ್ಟೆಯ ಹಾಗೆ ಕಂಡಿತು! ಅದೇ ಗೌನು, ಅದೇ ಬಟ್ಟೆ, ಆದರೂ ಎದೆಯ ಮೇಲೆ ಒಂದು ಕಪ್ಪು ತೇಪೆ ಹಾಕಿದ ಹಾಗೆ. ಹತ್ತು ನಿಮಿಷ ತಲೆ ಕೆಟ್ಟು ಕೂತಿದ್ದೆ. ಆಮೇಲೆ ತುಂಡನ್ನು ತಲೆಕೆಳಗು ಮಾಡಿದೆ, ಕೂಡಿಹೋಯಿತು. ಸ್ಯಾಟಿನ್ ಹೊಳಪಿಗೆ ದಿಕ್ಕು ಇರುತ್ತದೆ. ಇಷ್ಟು ವರ್ಷ ಹೊಲಿದವಳು ಇದನ್ನು ಮರೆತೆ ಅಂತ ಯಾರಿಗೂ ಹೇಳಬೇಡ.

ಸ್ಯಾಟಿನ್ ಕೆಳಗೆ ಒಂದೂವರೆ ಇಂಚು ಮಾತ್ರ, ಎಲ್ಲಿ ಮುಚ್ಚಲೇಬೇಕೋ ಅಲ್ಲಿ. ಅದರ ಮೇಲೆ ನೆಟ್. ಪೂರ್ತಿ ಸ್ಯಾಟಿನ್ ಹಾಕಿದ್ದರೆ ಸೆಕೆಗೆ ಸಾಯುತ್ತಿದ್ದೆ, ನೋಡುವುದಕ್ಕೂ ಆಸ್ಪತ್ರೆ ನರ್ಸ್ ಹಾಗೆ ಇರುತ್ತಿತ್ತು. ನೆಟ್ಟಿಗೆ ಹುಬ್ಬಳ್ಳಿಗೆ ಹೋಗಿ ಜವಳಿ ಸಾಲು ತಿರುಗಿದೆ, ಜೊತೆಗೆ ಗೌನಿನ ತುಂಡು ಒಯ್ದಿದ್ದೆ. ಬಿಳಿ ಅಂದರೆ ಒಂದೇ ಬಿಳಿಯಾ? ಹಾಲಿನ ಬಿಳಿ ಬೇರೆ, ಕೆನೆಯ ಬಿಳಿ ಬೇರೆ, ನಿನ್ನ ಗೌನು ಬೆಣ್ಣೆಯ ಕಡೆಗೆ ಇದೆ. ಸಿಕ್ಕಿದ್ದೆಲ್ಲ ಸುಣ್ಣ ಹೊಡೆದ ಹಾಗೆ. ಕೊನೆಗೆ ಎರಡು ತರದ್ದು ಅರ್ಧರ್ಧ ಮೀಟರ್ ತಂದು, ಮನೆಯಲ್ಲಿ ಹಾಲಿಲ್ಲದ ಚಹಾ ಕುದಿಸಿ, ಚೂರು ಚೂರು ಅದ್ದಿ ನೋಡಿದೆ. ಪಾಲಿಯೆಸ್ಟರ್ ನೆಟ್ ಹೇಗೆ ಹೋಯಿತೋ ಹಾಗೇ ಹೊರಗೆ ಬಂತು. ನೈಲಾನ್ ಮಾತ್ರ ಬಣ್ಣ ಹಿಡಿಯಿತು. ಎರಡು ನಿಮಿಷ ಜಾಸ್ತಿ ಆಯಿತು, ಮೂವತ್ತು ಸೆಕೆಂಡ್ ಕಮ್ಮಿ ಆಯಿತು, ಒಂದು ನಿಮಿಷಕ್ಕೆ ಸರಿಹೋಯಿತು. ನಿಮ್ಮಪ್ಪ ಬಂದು ಪಾತ್ರೆ ನೋಡಿ ‘ಸಕ್ಕರೆ ಹಾಕಿಲ್ಲವಾ’ ಅಂತ ಲೋಟ ತಗೊಂಡು ನಿಂತಿದ್ದರು.

ನೆಟ್ಟಿನ ಮೇಲಂಚಿಗೆ ಸ್ವಲ್ಪ ಕಸೂತಿ ಹಾಕಿದ್ದೇನೆ, ಬಿಳಿ ದಾರದಲ್ಲಿ. ಹತ್ತಿರ ಬಂದವರಿಗೆ ಮಾತ್ರ ಕಾಣುತ್ತದೆ. ಅಜ್ಜಿ ಕಲಿಸಿದ ಗವಂತಿ ಹೊಲಿಗೆಯಲ್ಲೇ ಶುರು ಮಾಡಿದೆ, ಹೋಗುವಾಗ ಒಂದು ಬಿಟ್ಟು ಒಂದು, ಬರುವಾಗ ಬಿಟ್ಟದ್ದನ್ನು ತುಂಬುತ್ತಾ. ಆದರೆ ಇಳಕಲ್ ಸೀರೆಯಲ್ಲಿ ಎಳೆ ಎಣಿಸಿದ ಹಾಗೆ ನೆಟ್ಟಿನಲ್ಲಿ ಆಗಲ್ಲ, ಇದರ ಕಣ್ಣಿಗೆ ಆರು ಮೂಲೆ. ಗೆರೆ ಸೊಟ್ಟ ಹೋಯಿತು. ಬಿಚ್ಚಿ ಮುರ್ಗಿ ಹಾಕಿದೆ, ಮೆಟ್ಟಿಲು ಮೆಟ್ಟಿಲಾಗಿ ಹತ್ತುವ ಹೊಲಿಗೆ, ಅದು ಆ ಕಣ್ಣುಗಳಲ್ಲಿ ತಾನಾಗಿ ಕೂತಿತು. ಕಸೂತಿಯಲ್ಲಿ ಗಂಟು ಹಾಕುವ ಹಾಗಿಲ್ಲ, ಹಿಂದೆ ಮುಂದೆ ಒಂದೇ ತರ ಕಾಣಬೇಕು. ನಿನಗೆ ಚುಚ್ಚಲ್ಲ.

ಮುಖ್ಯ ವಿಷಯ ಇದು. ಸ್ಯಾಟಿನ್, ನೆಟ್ ಸೇರಿದ ಆ ತುಂಡನ್ನು ಗೌನಿಗೆ ಹೊಲಿದಿಲ್ಲ. ಗಾಜಿನ ಹಾಗೆ ಕಾಣುವ ಪ್ಲಾಸ್ಟಿಕ್ ಟಿಚ್ ಬಟನ್ 7 ಹಾಕಿದ್ದೇನೆ, ನಡುವೆ ಒಂದು, ಆಚೀಚೆ ಮೂರು ಮೂರು. ಎಲ್ಲ ಬಟನ್ ಒಳಗಿನ ಲೈನಿಂಗ್‌ಗೆ ಮಾತ್ರ, ಹೊರಗಿನ ಸ್ಯಾಟಿನ್‌ಗೆ ಸೂಜಿ ತಾಕಿಸಿಲ್ಲ, ಸ್ಯಾಟಿನ್‌ನಲ್ಲಿ ಒಂದು ಸಲ ತೂತು ಬಿದ್ದರೆ ಹೋಗಲ್ಲ. ಸಂಜೆ ಬೇಡ ಅನ್ನಿಸಿದರೆ ಕೋಣೆಗೆ ಹೋಗಿ ಬಿಚ್ಚಿ ಪರ್ಸಿನಲ್ಲಿ ಇಟ್ಟುಕೋ. ಬೇಕು ಅನ್ನಿಸಿದರೆ ಇರಲಿ. ನನ್ನನ್ನು ಕೇಳಬೇಡ, ನನ್ನ ಮುಖ ನೋಡಿಯೂ ಬೇಡ.

ದೊಡ್ಡವ್ವ ಏನಾದರೂ ಅಂದರೆ ನಾನು ನೋಡಿಕೊಳ್ಳುತ್ತೇನೆ. ಮೊನ್ನೆ ಮನೆಗೆ ಬಂದು ‘ಗೌನು ಅಂದರೆ ಹಿಂದಿನಿಂದ ಮೈತುಂಬಾ ಇರುತ್ತಿತ್ತು, ಈಗಿನವರು ಕೆಡಿಸಿದರು’ ಅಂದಳು. ನಾನು ಮೊಬೈಲಿನಲ್ಲಿ ವಿಕ್ಟೋರಿಯಾ ರಾಣಿಯ ಮದುವೆ ಚಿತ್ರ ತೋರಿಸಿದೆ. 1840ರ ಮದುವೆ, ಬಿಳಿ ಗೌನು ಇಷ್ಟು ಹಬ್ಬಿದ್ದೇ ಆ ರಾಣಿ ಉಟ್ಟ ಮೇಲೆ. ಅದರ ಮರುವರ್ಷ 1841ರಲ್ಲಿ ಬಾಸೆಲ್ ಮಿಶನ್‌ನ ಪಾದ್ರಿಗಳು ನಮ್ಮ ಬೆಟಗೇರಿಗೆ ಬಂದದ್ದು. ಚಿತ್ರದಲ್ಲಿ ರಾಣಿಯ ಎರಡೂ ಭುಜ ಬಯಲು! ದೊಡ್ಡವ್ವ ಕನ್ನಡಕ ತೆಗೆದು, ಒರೆಸಿ, ಮತ್ತೆ ನೋಡಿ, ‘ಅವರು ರಾಣಿ, ಅವರದ್ದು ಬೇರೆ’ ಅಂದು ಎದ್ದು ಹೋದಳು. ಹೋಗುವಾಗ ಬಾಗಿಲಲ್ಲಿ ನಿಂತು ‘ಆ ಕಸೂತಿ ಚಂದ ಬಂದಿದೆ’ ಅಂದಳು, ಅದನ್ನೂ ಹೇಳಿಬಿಡುತ್ತೇನೆ.

ಈಗ ನೀನು ಮಾಡಬೇಕಾದ್ದು. ಅವತ್ತು ಒಳಗೆ ಏನು ಹಾಕಿಕೊಳ್ಳುತ್ತೀಯೋ ಅದನ್ನೇ ಹಾಕಿಕೊಂಡು ಗೌನ್ ತೊಡು, ಇಲ್ಲದಿದ್ದರೆ ಅಳತೆ ಸುಳ್ಳಾಗುತ್ತದೆ. ಚಪ್ಪಲಿಯೂ ಅದೇ ಇರಲಿ, ಅಂಚು ಅದರ ಲೆಕ್ಕಕ್ಕೇ ಕತ್ತರಿಸಿದ್ದು. ಸುಮ್ನೆ ನೆಟ್ಟಗೆ ನಿಂತು ‘ಚೆನ್ನಾಗಿದೆ ಅವ್ವ’ ಅನ್ನಬೇಡ. ಮೊಣಕಾಲೂರು. ರಿಜಿಸ್ಟರ್‌ಗೆ ಸಹಿ ಹಾಕುವ ಹಾಗೆ ಮೇಜಿನ ಮೇಲೆ ಬಗ್ಗು. ಅಜ್ಜಿಯನ್ನು ಅಪ್ಪಿಕೊಳ್ಳುವ ಹಾಗೆ ಬಗ್ಗು, ಅಜ್ಜಿ ಎಷ್ಟು ಗಿಡ್ಡ ಗೊತ್ತಲ್ಲ. ರೂಮಿನ ಹುಡುಗಿಗೆ ಕುರ್ಚಿ ಹತ್ತಿ ಮೇಲಿನಿಂದ ಫೋಟೋ ತೆಗೆಯಲು ಹೇಳು, ಯಾಕೆಂದರೆ ಅವತ್ತು ಫೋಟೋಗ್ರಾಫರ್ ಮೆಟ್ಟಿಲ ಮೇಲೇ ನಿಂತಿರುತ್ತಾನೆ. ನೆಟ್ ಎಲ್ಲಾದರೂ ಉಬ್ಬಿದರೆ ಆ ಜಾಗಕ್ಕೆ ಗುಂಡುಸೂಜಿ ಚುಚ್ಚಬೇಡ, ಸಣ್ಣ ಕಾಗದದ ಚೂರು ಅಂಟಿಸಿ ಫೋಟೋ ಕಳಿಸು. ಇಸ್ತ್ರಿ ಬೇಕಾದರೆ ಕಮ್ಮಿ ಬಿಸಿ, ಮೇಲೆ ಹತ್ತಿ ಬಟ್ಟೆ ಹಾಸಿ. ನೆಟ್ಟಿಗೆ ಇಸ್ತ್ರಿ ಬೇಡವೇ ಬೇಡ, ಕರಗಿ ಇಸ್ತ್ರಿ ಪೆಟ್ಟಿಗೆಗೆ ಅಂಟುತ್ತದೆ, ಮತ್ತೆ ಆ ಬಣ್ಣ ತರಲು ನನಗೆ ಆಗಲ್ಲ.

ನಿಮ್ಮಪ್ಪನ ಚೀಲದಲ್ಲಿ ಪೇಢೆ ಇದೆ, ರೊಟ್ಟಿ ಇದೆ, ಶೇಂಗಾ ಚಟ್ನಿ ಇದೆ. ಗೌನ್ ತೆಗೆಯುವ ಮೊದಲು ಕೈ ತೊಳೆದುಕೋ. ಮೂರು ಟಿಚ್ ಬಟನ್ ಮತ್ತು ಚಹಾದಲ್ಲಿ ಅದ್ದಿದ ನೆಟ್ಟಿನ ಒಂದು ತುಂಡು ಸಣ್ಣ ಡಬ್ಬಿಯಲ್ಲಿ ಇಟ್ಟಿದ್ದೇನೆ, ಕಳೆಯಬೇಡ. ಭಾನುವಾರ ಚರ್ಚ್‌ನಿಂದ ಬಂದಮೇಲೆ ಫೋನ್ ಮಾಡುತ್ತೇನೆ, ಅಷ್ಟರಲ್ಲಿ ಹಾಕಿ ನೋಡಿರು.

ನಿನ್ನ ಅವ್ವ