‘ರಿವಿಷನ್’ಗೆ ಸರಿಯಾದ ಕನ್ನಡ ಪದ ಬಳಸೋಣ

ಮಾನ್ಯ ಸಂಪಾದಕರೇ,

ಪರೀಕ್ಷೆ ಹತ್ತಿರ ಬಂದಂತೆ ಪತ್ರಿಕೆಗಳ ಶಿಕ್ಷಣ ಪುಟಗಳಲ್ಲಿ ‘ರಿವಿಷನ್’ ಎಂಬ ಮಾತು ಹೆಚ್ಚುತ್ತದೆ. ಅದೇ ಮಾತು ಕನ್ನಡದಲ್ಲಿ ಒಂದು ಕಡೆ ‘ಪುನರಾವರ್ತನೆ’, ಇನ್ನೊಂದು ಕಡೆ ‘ಪರಿಷ್ಕರಣೆ’, ಮತ್ತೊಂದು ಕಡೆ ‘ವಿಮರ್ಶೆ’ ಎಂದು ಅಚ್ಚಾಗುತ್ತಿದೆ. ಮೂರೂ ಬೇರೆ ಬೇರೆ ಕೆಲಸಗಳು. ಪದ ತಪ್ಪಿದರೆ ಮಕ್ಕಳು ಓದುವ ಕ್ರಮವೂ ತಪ್ಪುತ್ತದೆ ಎಂಬ ಕಾರಣಕ್ಕೆ ಈ ಪತ್ರ.

ಲ್ಯಾಟಿನ್ ಮೂಲದಲ್ಲಿ ‘ರಿವೈಸ್’ ಎಂದರೆ ‘ಮತ್ತೆ ನೋಡು’. ಇಂಗ್ಲಿಷಿನಲ್ಲಿ ಅದು ಎರಡು ಕವಲಾಗಿದೆ: ನೋಡಿ ತಿದ್ದುವುದು, ನೋಡಿ ನೆನಪಿಗೆ ತಂದುಕೊಳ್ಳುವುದು. ಬ್ರಿಟನ್ನಿನಲ್ಲಿ ಎರಡೂ ಬಳಕೆಯಲ್ಲಿವೆ, ನಮ್ಮ ಶಾಲೆಗಳಿಗೆ ಬಂದದ್ದು ಅಲ್ಲಿಂದಲೇ. ಅಮೆರಿಕದವರಿಗೆ ‘ರಿವೈಸ್’ ಎಂದರೆ ತಿದ್ದುವುದು. ಪರೀಕ್ಷೆಗೆ ಓದಿದ್ದನ್ನು ಮತ್ತೆ ನೋಡುವುದಕ್ಕೆ ಅವರು ‘ರಿವ್ಯೂ’ ಎನ್ನುತ್ತಾರೆ. ಅಲ್ಲಿನ ಬರಹವನ್ನು ಯಂತ್ರದಿಂದ ಕನ್ನಡಕ್ಕೆ ತಂದಾಗ ‘ನಿಮ್ಮ ಪಾಠಗಳನ್ನು ವಿಮರ್ಶಿಸಿ’ ಎಂಬ ವಾಕ್ಯ ಹುಟ್ಟುತ್ತದೆ. ಹತ್ತನೇ ತರಗತಿಯ ಮಗು ಪಾಠದ ಗುಣದೋಷ ಹೇಳಲು ಕೂತಿಲ್ಲ, ಅದನ್ನು ನೆನಪಿನಲ್ಲಿ ನಿಲ್ಲಿಸಿಕೊಳ್ಳಲು ಕೂತಿದೆ. ‘ಗಣಿತವನ್ನು ಪರಿಷ್ಕರಿಸಿ’ ಎಂಬುದೂ ಇದೇ ಜಾತಿಯ ತಪ್ಪು.

ಯಾವ ಪದ ಎಂದು ಅನುಮಾನ ಬಂದಾಗ ‘ಇಲ್ಲಿ ಬದಲಾಗುವುದು ಏನು?’ ಎಂದು ಕೇಳಿಕೊಂಡರೆ ಸಾಕು. ಬರಹವೋ ದರವೋ ಪಟ್ಟಿಯೋ ಬದಲಾದರೆ ಅದು ಪರಿಷ್ಕರಣೆ. ವೇತನ ಪರಿಷ್ಕರಣೆ, ಪಠ್ಯಪುಸ್ತಕ ಪರಿಷ್ಕರಣೆ, ಮತದಾರರ ಪಟ್ಟಿಯ ಪರಿಷ್ಕರಣೆ ಎಲ್ಲ ಸರಿ. ಪಾಠ ಇದ್ದ ಹಾಗೇ ಇದ್ದು, ಓದುವವರ ತಲೆಯಲ್ಲಿ ಗಟ್ಟಿಯಾಗುತ್ತಿದ್ದರೆ ಪುನರ್ಮನನ. ಕಲಿತದ್ದು ಕೈಬಿಟ್ಟುಹೋಗಿ ಮೊದಲಿನಿಂದ ಹಿಡಿಯಬೇಕಾಗಿದ್ದರೆ ಮರುಕಲಿಕೆ. ಹಳೆಯ ವಿದ್ಯೆ ಈಗಿನ ಕೆಲಸಕ್ಕೆ ಸಾಲದೆ ಹೊಸದನ್ನು ಕಲಿಸಿದರೆ ಮರುತರಬೇತಿ. ಅಧ್ಯಾಪಕರ ‘ರಿಫ್ರೆಷರ್ ಕೋರ್ಸ್’ಗೆ ಪುನಶ್ಚೇತನ ಶಿಬಿರ ಎಂಬ ಹೆಸರು ನೆಲೆಯೂರಿದೆ, ಅದು ಹಾಗೇ ಇರಲಿ. ‘ಬ್ರಷ್ ಅಪ್’ ಎನ್ನುವ ಕಡೆ ನಮ್ಮವರು ‘ಸಾಣೆ ಹಿಡಿಯುವುದು’ ಎನ್ನುತ್ತಾರೆ. ಅದಕ್ಕಿಂತ ಚೆನ್ನಾದದ್ದು ಹುಡುಕಿದರೂ ಸಿಗದು.

ಇನ್ನು ಪುನರಾವರ್ತನೆ. ಇದು ತಪ್ಪು ಪದವಲ್ಲ. ತಾಳದ ಆವರ್ತದಂತೆ ಸುತ್ತಿ ಅಲ್ಲಿಗೇ ಬರುವುದು ಆವರ್ತನೆ, ಹಾಗಾಗಿ ಮಗ್ಗಿಗೆ, ಬಾಯಿಪಾಠಕ್ಕೆ ಒಪ್ಪುತ್ತದೆ. ಆದರೆ ‘ಇಂಥ ಘಟನೆ ಪುನರಾವರ್ತನೆಯಾಗದಂತೆ ಕ್ರಮ’ ಎಂದು ಪತ್ರಿಕೆಗಳಲ್ಲಿ ದಿನವೂ ಓದುವವರಿಗೆ, ಆಗಬಾರದ್ದು ಮತ್ತೆ ಆಗುವುದು ಎಂಬ ಛಾಯೆಯೂ ಆ ಪದದ ಜೊತೆಗೇ ಬರುತ್ತದೆ. ಫಲಿತಾಂಶದ ಸುದ್ದಿಗಳಲ್ಲಿ ಬರುವ ‘ಪುನರಾವರ್ತಿತ ಅಭ್ಯರ್ಥಿಗಳು’ ಎಂಬ ಮಾತಂತೂ ವ್ಯಾಕರಣದ ಲೆಕ್ಕದಲ್ಲೇ ನಿಲ್ಲದು. ಪುನರಾವರ್ತಿತ ಎಂದರೆ ಮತ್ತೆ ಮಾಡಲ್ಪಟ್ಟದ್ದು. ಮತ್ತೆ ಆಗುತ್ತಿರುವುದು ಪರೀಕ್ಷೆ, ಅಭ್ಯರ್ಥಿಯಲ್ಲ. ‘ಮತ್ತೆ ಪರೀಕ್ಷೆ ಬರೆದವರು’ ಎಂದರೆ ಅರ್ಥವೂ ನೇರ, ಮಕ್ಕಳ ಹಣೆಗೆ ಪಟ್ಟಿಯೂ ಅಂಟದು.

ಪುನರ್ಮನನ ಎಂದು ಒತ್ತಿ ಹೇಳಲು ಕಾರಣವಿದೆ. ಶ್ರವಣ, ಮನನ, ನಿದಿಧ್ಯಾಸನ (ಕೇಳುವುದು, ಯೋಚಿಸುವುದು, ಆಳವಾಗಿ ಧ್ಯಾನಿಸುವುದು) ಎಂಬ ವೇದಾಂತದ ಹಳೆಯ ಕ್ರಮದಲ್ಲಿ ಮನನ ಎಂದರೆ ಕೇಳಿದ್ದನ್ನು ಒಳಗೇ ತಿರುವಿ ನೋಡುವುದು. ಪುಸ್ತಕ ಮುಚ್ಚಿದ ಮೇಲೆ ನಡೆಯುವ ಕೆಲಸ ಅದು. ‘ಮೂರು ಸಲ ಪುನರಾವರ್ತನೆ ಮಾಡಿ’ ಎಂದಾಗ ಮಗು, ಒಂದೇ ಜಾತಿಯ ಎರಡು ಸ್ವರ ಸೇರಿ ದೀರ್ಘವಾಗುವ ಸವರ್ಣದೀರ್ಘ ಸಂಧಿಯ ಪುಟವನ್ನು ಮೂರು ಸಲ ಓದುತ್ತದೆ. ವಿದ್ಯಾಲಯ, ಗಿರೀಶ ಎಂಬ ಉದಾಹರಣೆಗಳು ಕಣ್ಣಿಗೆ ಪರಿಚಿತವಾಗುತ್ತವೆ. ಆ ಪರಿಚಯವನ್ನೇ ಅದು ‘ಬಂತು’ ಎಂದುಕೊಳ್ಳುತ್ತದೆ. ಪುಸ್ತಕ ಮುಚ್ಚಿ ಸ್ವಂತ ಉದಾಹರಣೆ ಬರೆಯಲು ಹೇಳಿದರೆ ‘ಮಹೇಶ’ ಎಂದು ಬರೆದೀತು. ಅದು ಗುಣಸಂಧಿ: ಮಹಾ ಎಂಬುದರ ಆಕಾರಕ್ಕೆ ಈಶದ ಈಕಾರ ಸೇರಿ ಏಕಾರವಾಗಿದೆ. ಎಷ್ಟು ಸಲ ಓದಿದರೂ ಈ ತಪ್ಪು ಹೊರಬೀಳುತ್ತಿರಲಿಲ್ಲ, ಒಂದು ಸಲ ಬರೆದದ್ದಕ್ಕೆ ಹೊರಬಿತ್ತು. ನಮ್ಮ ಹಳೆಯ ಶಾಲೆಗಳ ‘ಪಾಠ ಒಪ್ಪಿಸುವುದು’ ಮಾಡುತ್ತಿದ್ದದ್ದೂ ಇದನ್ನೇ.

2006ರಲ್ಲಿ ಅಮೆರಿಕದ ರೋಡಿಗರ್ ಮತ್ತು ಕಾರ್ಪಿಕೆ ಎಂಬ ಮನಶ್ಶಾಸ್ತ್ರಜ್ಞರು ಇದನ್ನು ಅಳೆದರು. ಒಂದು ಗದ್ಯಭಾಗವನ್ನು ಮತ್ತೆ ಓದಿದವರು ಐದು ನಿಮಿಷದ ನಂತರದ ಪರೀಕ್ಷೆಯಲ್ಲಿ ತುಸು ಮುಂದಿದ್ದರು. ಒಂದು ವಾರದ ನಂತರ, ಓದುವ ಬದಲು ನೆನೆದು ಬರೆದವರು ಶೇ 56ರಷ್ಟು ನೆನಪಿಟ್ಟುಕೊಂಡಿದ್ದರೆ, ಮತ್ತೆ ಓದಿದವರಲ್ಲಿ ಉಳಿದದ್ದು ಶೇ 42. ಪರೀಕ್ಷೆಯ ಹಿಂದಿನ ರಾತ್ರಿ ಓದಿದ್ದು ಬೆಳಿಗ್ಗೆ ಇದ್ದಂತೆನಿಸಿ ಮುಂದಿನ ತರಗತಿಗೆ ಇಲ್ಲವಾಗುವುದು ಹೀಗೆ.

ಮರುಕಲಿಕೆಗೂ ತನ್ನದೇ ಅಳತೆಯಿದೆ. ಜರ್ಮನಿಯ ಮನಶ್ಶಾಸ್ತ್ರಜ್ಞ ಎಬ್ಬಿಂಗ್‌ಹೌಸ್ 1885ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಅದನ್ನು ‘ಉಳಿತಾಯ’ ಎಂದು ಲೆಕ್ಕ ಹಾಕಿದ. ಒಂದು ಪದ್ಯ ಬಾಯಿಪಾಠವಾಗಲು 20 ನಿಮಿಷ ಹಿಡಿಯಿತು ಎಂದುಕೊಳ್ಳಿ. ತಿಂಗಳ ನಂತರ ಒಂದು ಸಾಲೂ ಬಾಯಿಗೆ ಬರುತ್ತಿಲ್ಲ. ಮತ್ತೆ ಕಲಿಯಲು ಕೂತರೆ 12 ನಿಮಿಷಕ್ಕೇ ಬಂತು. ಉಳಿದ 8 ನಿಮಿಷ ಎಂದರೆ ಶೇ 40 ಉಳಿತಾಯ. ಪೂರ್ತಿ ಮರೆತೆ ಎಂದುಕೊಂಡದ್ದರ ಬೇರು ಒಳಗೆ ಉಳಿದಿದೆ ಎಂಬುದಕ್ಕೆ ಅದೇ ಗುರುತು. ಶಾಲೆ ಬಿಟ್ಟು ವರ್ಷಗಳ ನಂತರ ಮತ್ತೆ ಪುಸ್ತಕ ಹಿಡಿಯುವವರಿಗೆ ಈ ಮಾತು ತಿಳಿದಿರಬೇಕು.

ನಮ್ಮ ರಾಜ್ಯದ ಶಾಲೆಗಳಲ್ಲೇ ಇದಕ್ಕೆ ಒಳ್ಳೆಯ ಹೆಸರುಗಳಿವೆ. ವರ್ಷದ ಆರಂಭದಲ್ಲಿ ಹಿಂದಿನ ತರಗತಿಯ ಕೊರತೆ ತುಂಬುವ ‘ಸೇತುಬಂಧ’, ಕೊರೊನಾ ಕಾಲದ ಕಲಿಕೆಯ ನಷ್ಟಕ್ಕೆಂದು 2022–23ರಲ್ಲಿ ನಡೆದ ‘ಕಲಿಕಾ ಚೇತರಿಕೆ’. ಎರಡೂ ಹೆಸರು ಕೇಳಿದ ಕೂಡಲೇ ಕೆಲಸ ಏನೆಂದು ಹೇಳುತ್ತವೆ.

ಕಾಗುಣಿತದ ಬಗ್ಗೆ ಒಂದು ಮಾತು. ‘ಪುನರ್ ಮನನ’ ಎಂದು ಬಿಡಿಸಿ ಬರೆಯುವುದು ಬೇಡ, ಪುನರ್ಮನನ ಒಂದೇ ಪದ. ಚಕಾರ ಮುಂದೆ ಬಂದಾಗ ಅದೇ ಪುನಃ ಎಂಬುದು ಪುನಶ್ಚೇತನ ಎಂದಾಗುತ್ತದೆ. ‘ಪುನರ್‌ಕಲಿಕೆ’ಯಲ್ಲಿ ಸಂಸ್ಕೃತ, ಕನ್ನಡ ಕೂಡುವುದಿಲ್ಲ, ಅಲ್ಲಿ ಮರು ಬೇಕು. ‘ಮತ್ತೊಮ್ಮೆ ಪುನರ್ಮನನ’ದಲ್ಲಿ ಮತ್ತೊಮ್ಮೆ ಹೆಚ್ಚಾಯಿತು.

ಈ ಸಲದ ಪರೀಕ್ಷಾ ಪುರವಣಿಯಲ್ಲಿ ‘ರಿವಿಷನ್ ವೇಳಾಪಟ್ಟಿ’ ಅಚ್ಚಾಗುವಾಗ ಅದರ ತಲೆಬರಹ ‘ಪುನರ್ಮನನ’ ಎಂದಿರಲಿ. ಅದರ ಪಕ್ಕದಲ್ಲಿ, ಪಾಠವಾದ ಮರುದಿನ, ವಾರದ ನಂತರ, ತಿಂಗಳ ನಂತರ ಪುಸ್ತಕ ಮುಚ್ಚಿ ಹತ್ತು ನಿಮಿಷ ಬರೆಯಿರಿ, ಆಮೇಲೆ ತೆರೆದು ತಿದ್ದಿಕೊಳ್ಳಿ ಎಂದು ಎರಡು ಸಾಲು ಸೇರಿಸಬೇಕೆಂದು ಕೋರುತ್ತೇನೆ.

– ಪ್ರೌಢಶಾಲೆಯ ಕನ್ನಡ ಶಿಕ್ಷಕಿ, ತುಮಕೂರು