ಹೇಗೆ ಗೊತ್ತಾಯಿತು ಅನ್ನುವುದನ್ನೂ ಬರಿ

ಪ್ರೀತಿಯ ತಂಗಿ,

ಕಡಲತಳದ ಕಲ್ಲುಗಳ ಕಾಂತಶಕ್ತಿಯ ಬಗ್ಗೆ ನೀನು ಬರೆದದ್ದನ್ನು ಓದಿದೆ. ಪತ್ರಿಕೆಯವರು ವಾಪಸ್ ಕಳಿಸಿದ ಮೇಲೆ ಬರೆಯುವುದೇ ಬೇಡ ಅನ್ನಿಸಿದೆ ಎಂದಿದ್ದೀಯ. ಆ ಸಾಲು ಓದಿ ಸಂಕಟವಾಯಿತು. ಬಿಡಬೇಡ. ಪದಮಿತಿ, ತಲೆಬರಹ, ಎಲ್ಲಿಗೆ ಕಳಿಸಬೇಕು ಅನ್ನುವುದನ್ನೆಲ್ಲ ಯಾರಾದರೂ ಹೇಳಿಕೊಡುತ್ತಾರೆ. ನಾನು ಹೇಳಬೇಕಿರುವುದು ಒಂದೇ.

ಲಾವಾ ತಣ್ಣಗಾಗುವಾಗ ಅದರೊಳಗಿನ ಕಬ್ಬಿಣದ ಖನಿಜಗಳು ಆಗಿನ ಭೂಕಾಂತದ, ಅಂದರೆ ಭೂಮಿಯ ಕಾಂತಕ್ಷೇತ್ರದ, ದಿಕ್ಕನ್ನು ಹಿಡಿದಿಟ್ಟುಕೊಳ್ಳುತ್ತವೆ, ಭೂಕಾಂತ ಆಗಾಗ ತಿರುಗುಮುರುಗಾಗುತ್ತದೆ, ನೀರಿನಡಿಯ ದಿಣ್ಣೆಯಲ್ಲಿ ಹೊಸ ಲಾವಾ ಉಕ್ಕಿ ಎರಡೂ ಕಡೆ ಸರಿಯುತ್ತದೆ, ಅದಕ್ಕೇ ಕಡಲತಳದಲ್ಲಿ ಒಂದು ಇವತ್ತಿನ ದಿಕ್ಕು, ಒಂದು ಉಲ್ಟಾ ಹೀಗೆ ಕಾಂತದ ಪಟ್ಟೆಗಳು. ನಾಲ್ಕು ಸಾಲಲ್ಲಿ ಮುಗಿಸಿಬಿಟ್ಟಿದ್ದೀಯ. ತಪ್ಪೇನಿಲ್ಲ. ಆದರೆ ಓದುವವರು ಸುಮ್ನೆ ನಂಬಬೇಕಾ?

1962ರಲ್ಲಿ ಬ್ರಿಟನ್ನಿನ ಭೂವಿಜ್ಞಾನಿ ಡ್ರಮಂಡ್ ಮ್ಯಾಥ್ಯೂಸ್ 'ಓವನ್' ಹಡಗಿನಲ್ಲಿ ಹಿಂದೂ ಮಹಾಸಾಗರದ ಕಾರ್ಲ್ಸ್‌ಬರ್ಗ್ ದಿಣ್ಣೆ ಎಂಬ ನೀರಿನಡಿಯ ಬೆಟ್ಟಸಾಲಿನ ಮೇಲೆ ಓಡಾಡಿ ಕಾಂತಬಲದ ಅಳತೆ ತಂದರು. ನಮ್ಮ ಅರಬ್ಬಿ ಸಮುದ್ರದ ಪಕ್ಕದ್ದೇ ಜಾಗ ಅದು. ಕೇಂಬ್ರಿಜ್‌ನಲ್ಲಿ ಅವರ ವಿದ್ಯಾರ್ಥಿ ಫ್ರೆಡ್ ವೈನ್ ಆ ಅಂಕಿಗಳನ್ನು ಹಿಡಿದು ಕೂತರು. ಅಲ್ಲಿ ನೀರಿನಡಿ ಎರಡು ಜ್ವಾಲಾಮುಖಿ ಬೆಟ್ಟಗಳಿದ್ದವು. ಬೆಟ್ಟದ ಆಕಾರ ಗೊತ್ತಿದ್ದರೆ, ಅದರ ಕಲ್ಲು ಯಾವ ದಿಕ್ಕಿಗೆ ಕಾಂತವಾಗಿದ್ದರೆ ಮೇಲೆ ಇಂಥ ಅಳತೆ ಸಿಗುತ್ತದೆ ಎಂದು ಲೆಕ್ಕ ಹಾಕಬಹುದು. ವೈನ್ ಕಂಪ್ಯೂಟರಿನಲ್ಲಿ ಹಾಕಿದರು. ಒಂದು ಬೆಟ್ಟ ಇವತ್ತಿನ ಭೂಕಾಂತಕ್ಕೆ ಹೊಂದಿಕೊಂಡಿತು. ಇನ್ನೊಂದು ಹೆಚ್ಚುಕಡಿಮೆ ಪೂರ್ತಿ ಉಲ್ಟಾ! 1963ರ ಸೆಪ್ಟೆಂಬರಿನಲ್ಲಿ ಇಬ್ಬರೂ ಸೇರಿ ಇದನ್ನು ಪ್ರಕಟಿಸಿದರು. ಇಷ್ಟು ಒಳ್ಳೆಯ ಸಾಕ್ಷಿ ಇರುವಾಗ ಅದನ್ನು ಹೇಗೆ ಬಿಟ್ಟೆ ನೀನು?

ಇನ್ನೊಂದು. ಇವತ್ತಿನ ದಿಕ್ಕಿನ ಕಲ್ಲು ಇರುವ ಕಡೆಯೆಲ್ಲ ಕಾಂತಬಲದ ಅಳತೆ ಏರುತ್ತದೆ ಅಂದಿದ್ದೀಯ. ಉತ್ತರ ಅಟ್ಲಾಂಟಿಕ್‌ನಲ್ಲಿ ಹೌದು. ಕಾರ್ಲ್ಸ್‌ಬರ್ಗ್ ಇರುವುದು ಸಮಭಾಜಕದ ಹತ್ತಿರ. ಅಲ್ಲಿ ಭೂಕಾಂತ ಹೆಚ್ಚುಕಡಿಮೆ ಅಡ್ಡಡ್ಡ ಹಾಯುವುದರಿಂದ ದಿಣ್ಣೆಯ ನಡುವೆ ಅಳತೆ ಇಳಿಯುತ್ತದೆ. ಅಳೆದದ್ದು ಹೇಗೆ ಅಂತ ಬರೆಯಲು ಕೂತಿದ್ದರೆ ಇದು ತಾನಾಗೇ ನಿನ್ನ ಕಣ್ಣಿಗೆ ಬೀಳುತ್ತಿತ್ತು.

ನನ್ನ ಹಠ ಇವತ್ತಿನದಲ್ಲ. ಹಿಂದೆ ಒಂದು ಪತ್ರಿಕೆಯ ಸಂಪಾದಕರು ನನ್ನ ಲೇಖನದಲ್ಲಿ ಅಳತೆಯ ಭಾಗವನ್ನೇ ಕತ್ತರಿಸಿ ಹಾಕಿದರು. ಕನ್ನಡದ ಓದುಗರಿಗೆ ಇದೆಲ್ಲ ಜಾಸ್ತಿ ಆಯಿತು ಅಂದರು. ಆ ಕೋಪ ಇನ್ನೂ ಹೋಗಿಲ್ಲ. ಕೊಳವೆಬಾವಿ ಕೊರೆಸುವ ಮುಂಚೆ ನಾಲ್ಕು ಜನರನ್ನು ಕೇಳುವ ರೈತರಿಗೆ ಸಾಕ್ಷಿ ಅಂದರೇನು ಅಂತ ಗೊತ್ತಿಲ್ಲವಾ?

ಕೆನಡಾದ ಲಾರೆನ್ಸ್ ಮಾರ್ಲಿಯನ್ನು ನೆನೆಸಿಕೊಂಡು ಸಮಾಧಾನ ಮಾಡಿಕೊಳ್ಳುತ್ತಿದ್ದೀಯ, ಅಲ್ವಾ? 1963ರಲ್ಲೇ ಅವರೂ ಪಟ್ಟೆಗಳ ಇದೇ ವಿಚಾರ ಬರೆದರು. ಎರಡು ಪತ್ರಿಕೆಗಳು ತಿರಸ್ಕರಿಸಿದವು. ಇದು ಪಾರ್ಟಿಗಳಲ್ಲಿ ಹರಟಲು ಸರಿ, ಅಚ್ಚಿಗಲ್ಲ ಎಂದು ಒಬ್ಬ ವಿಮರ್ಶಕ ಬರೆದನಂತೆ. ನನಗೂ ಹೊಟ್ಟೆ ಉರಿಯುತ್ತದೆ. ಆದರೆ ಮಾರ್ಲಿಯ ಮಾತು ಸರಿಯಾದದ್ದು ತಿರಸ್ಕಾರವಾದದ್ದರಿಂದ ಅಲ್ಲ ತಂಗಿ, ಸಾಕ್ಷಿ ಸಿಕ್ಕಿದ್ದರಿಂದ. ದಕ್ಷಿಣ ಪೆಸಿಫಿಕ್‌ನಲ್ಲಿ 'ಎಲ್ಟಾನಿನ್' ಹಡಗು ತಂದ ಕಾಂತದ ಅಳತೆಯ ಗೆರೆಯಲ್ಲಿ ಅಲ್ಲಿನ ದಿಣ್ಣೆಯ ಎಡಕ್ಕೂ ಬಲಕ್ಕೂ ಒಂದೇ ಥರದ ಏರಿಳಿತ ಕಂಡಿತು. 1966ರಲ್ಲಿ ಅದು ಅಚ್ಚಾದ ಮೇಲೆ ಅನುಮಾನಪಡುತ್ತಿದ್ದ ಎಷ್ಟೋ ಜನ ಒಪ್ಪಿದರು.

ಎಲ್ಟಾನಿನ್ ಬಗ್ಗೆ ನೀನು ಬರೆದ ಪುಟ ಚೆನ್ನಾಗಿದೆ, ಅದನ್ನು ಮುಟ್ಟಬೇಡ. ಆ ಎರಡು ಬೆಟ್ಟಗಳಿಂದ ಶುರುಮಾಡಿ ಇನ್ನೊಮ್ಮೆ ಬರಿ. ಚಿತ್ರ ಹಾಕುವುದಾದರೆ ಅಳತೆಗೋಲು ಇರಲಿ. ಪತ್ರಿಕೆಗೆ ಕಳಿಸುವ ಮೊದಲು ನನಗೆ ಕಳಿಸು.

ಪ್ರೀತಿಯಿಂದ,
ನಿನ್ನ ಅಕ್ಕ